ನಾಕೌಟ್ ಫುಟ್ಬಾಲಿನ ಬೆಳವಣಿಗೆಯಲ್ಲಿ ಹೈದರಾಬಾದ್

ಒಮ್ಮೆ ಸೋತ ತಂಡ ಅಲ್ಲಿಗೇ ಸ್ಪರ್ಧೆಯಿಂದ ಹೊರಬೀಳುವ ನಾಕೌಟ್ ಪದ್ಧತಿಯ ಕಪ್‌ಗಳ ಮೂಲಕವೇ ಭಾರತದಲ್ಲಿ ಫುಟ್ಬಾಲ್ ಬೆಳೆಯಿತು. 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್ಪಾಗಲಿ, 1891ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ರೋವರ್ಸ್ ಕಪ್ಪಾಗಲಿ ಮೊದಲಲ್ಲಿ ಬ್ರಿಟಿಷ್ ಸೈನ್ಯದ ತುಕಡಿಗಳ ಸೊತ್ತಾಗಿದ್ದವು. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಫೈನಲಿನಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ ರೋವರ್ಸ್ ಕಪ್ ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. 1940ರಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಡ್ಯುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ಬ್ಯಾಂಗಲೋರ್ ಮುಸ್ಲಿಮ್ಸ್ ಆರಂಭಿಸಿದ ದಕ್ಷಿಣದ ಮುನ್ನಡೆಯನ್ನು ಶಿಖರಕ್ಕೇರಿಸಿದ್ದು ಹೈದರಾಬಾದ್ ಸಿಟಿ ಪೊಲೀಸ್.

1943ರಲ್ಲಿ ಈ ತಂಡದ ತರಬೇತಿಯ ಹೊಣೆ ಹೊತ್ತವರು, ಶಾಲಾ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಂ. ಯುದ್ಧ ಮತ್ತು ದೇಶವಿಭಜನೆಯ ಕಾರಣ ನಿಂತುಹೋಗಿದ್ದ ಡ್ಯುರಾಂಡ್ ಕಪ್ 1950ರಲ್ಲಿ ದಿಲ್ಲಿಯಲ್ಲಿ ಮತ್ತೆ ಶುರುವಾದಾಗ, ಅದೇ ಋತುವಿನಲ್ಲಿ ರೋವರ್ಸ್ ಕಪ್ಪನ್ನೂ ಪಡೆದ ಪೊಲೀಸರು ಇಲ್ಲಿಯೂ ಫೈನಲಿನಲ್ಲಿ ಮೋಹನ್ ಬಗಾನನ್ನು ಮಣಿಸಿದರು. ಆ ವರ್ಷದಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಹೈದರಾಬಾದಿಗೇ ಬಂತು. 1954ರ ಡ್ಯುರಾಂಡ್ ಫೈನಲಿನಲ್ಲಿ ಅವರಿಗೆ ಎದುರಾದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್. ನಾಕೌಟಿನಲ್ಲಿ ಒಂದು ತಪ್ಪು ಹೆಜ್ಜೆಯಿಂದ ಇಡೀ ವರ್ಷದ ಶ್ರಮ ಮಣ್ಣಾಗಬಹುದಾದ್ದರಿಂದ ಒಂದು ಗೆಲುವಿಗೆ ಅದೃಷ್ಟವನ್ನು ಕಾರಣವೆನ್ನಬಹುದು, ಐದು ವರ್ಷಗಳ ಗೆಲುವಿಗೆ ಹಾಗೆನ್ನಲಾಗದು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಈ ಕೀರ್ತಿಯಲ್ಲಿ ಆ ಭಾಗದ ಕನ್ನಡಿಗರಿಗೂ ಪಾಲುಂಟು ಎಂಬುದನ್ನು ನೆನೆಯಬೇಕು.

ಇದರ ಗುಟ್ಟು ರಹೀಂ ಅವರ ಅಭ್ಯಾಸಕ್ರಮದಲ್ಲಿತ್ತು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಮೆರೆಯುವ ಬದಲು ಒಂದೇ ಸ್ಪರ್ಶದಲ್ಲಿ ಜೊತೆಗಾರನಿಗೆ ದಾಟಿಸುವುದನ್ನು ಕಲಿಸಿದ ಅವರು, ಬಲಗಾಲಿನವರು ಎಡಗಾಲಿನಿಂದ, ಎಡಗಾಲಿನವರು ಬಲಗಾಲಿನಿಂದ ಮಾತ್ರ ಆಡಬೇಕೆಂಬ ನಿಯಮದ ಪಂದ್ಯಾವಳಿಗಳನ್ನೂ ಏರ್ಪಡಿಸುತ್ತಿದ್ದರು. ಈ ಪಾಠ ಒಂದು ಊರಿಗಷ್ಟೇ ಸೀಮಿತವಾಗಲಿಲ್ಲ: ಅವರ ಮಾರ್ಗದರ್ಶನದಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಮೆಲ್ಬರ್ನ್ ತಂಡದಲ್ಲಿ ಸಿಕಂದರಾಬಾದಿನ ತುಳಸಿದಾಸ್ ಬಲರಾಮ್ ಅವರೂ ಬೆಂಗಳೂರಿನ ಕೆಂಪಯ್ಯ ಅವರೂ ಇದ್ದರು.

ಆಂಧ್ರಪ್ರದೇಶ ಪೊಲೀಸ್ ಎಂಬ ಹೆಸರಿನಲ್ಲಿ ತಂಡ 1961ರ ಡ್ಯುರಾಂಡ್ ಕಪ್ಪನ್ನೂ ಗೆದ್ದಿತಾದರೂ, 1963ರ ಜೂನ್‌ನಲ್ಲಿ ರಹೀಂ ತೀರಿಕೊಂಡ ನಂತರ ಆ ಹಿಡಿತ ಸಡಿಲವಾಯಿತು. ಬಲರಾಮ್ ಅವರಂಥ ಪ್ರತಿಭಾವಂತರು ಅದಕ್ಕೂ ಮೊದಲೇ ಕಲ್ಕತ್ತೆಯ ಕ್ಲಬ್ಬುಗಳನ್ನು ಸೇರತೊಡಗಿದ್ದರು. ಪೊಲೀಸ್ ಇಲಾಖೆಯ ನೌಕರಿ ಕೊಡುತ್ತಿದ್ದ ಭದ್ರತೆ ಅವರನ್ನು ಊರಲ್ಲೇ ಉಳಿಸಿಕೊಳ್ಳಲು ಸಾಲಲಿಲ್ಲ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ 1977ರಲ್ಲಿ ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಆರಂಭಿಸಿದಾಗ ಮೊದಲ ಪ್ರಶಸ್ತಿ ಬೆಂಗಳೂರಿನ ಐಟಿಐ ಪಾಲಾಯಿತು.

2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2021–22ರಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದು ನಗರದ ಹೆಸರನ್ನು ಮತ್ತೆ ಮುನ್ನೆಲೆಗೆ ತಂದಿತು. ಆದರೆ ಅದರ ಆಟಗಾರರಲ್ಲಿ ಹೆಚ್ಚಿನವರು ಬೇರೆಡೆಯಿಂದ ಬಂದವರಾಗಿದ್ದರು. ರಹೀಂ ಕಾಲದಲ್ಲಿ ನಗರದ ಓಣಿ–ಮೈದಾನಗಳಿಂದಲೇ ಆಟಗಾರರನ್ನು ರೂಪಿಸುತ್ತಿದ್ದ ವ್ಯವಸ್ಥೆ ಇನ್ನೂ ಮರಳಿಲ್ಲ. 2022ರ ಡ್ಯುರಾಂಡ್ ಸೆಮಿಫೈನಲಿನಲ್ಲಿ ಈ ತಂಡ ಬೆಂಗಳೂರು ಎಫ್‌ಸಿಗೆ 1–0 ಅಂತರದಿಂದ ಸೋತಿತು, ಆ ವರ್ಷದ ಕಪ್ ಬೆಂಗಳೂರಿಗೆ ಬಂತು.