ಮಂಗಳೂರಿನ ಹಳೆ ಬಂದರು: ಸರಕಿನ ಧಕ್ಕೆ ಮೀನಿನ ಧಕ್ಕೆಯಾದ ಬಗೆ

ಮಂಗಳೂರಿನ ಹಳೆ ಬಂದರು ಇರುವುದು ಕಡಲ ದಂಡೆಯಲ್ಲಲ್ಲ, ನದಿಯೊಳಗೆ. ಉತ್ತರದಿಂದ ಬರುವ ಗುರುಪುರ ನದಿ ಕಡಲ ಹತ್ತಿರ ಬಂದ ಮೇಲೂ ಕಡಲು ಸೇರದೆ ದಂಡೆಯುದ್ದಕ್ಕೆ ದಕ್ಷಿಣಕ್ಕೆ ಹರಿದು, ನೇತ್ರಾವತಿಯೊಡನೆ ಒಂದೇ ಅಳಿವೆಯಲ್ಲಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ನದಿಗೂ ಕಡಲಿಗೂ ನಡುವೆ ಬೆಂಗ್ರೆಯ ಮರಳ ಪಟ್ಟಿ ಉದ್ದಕ್ಕೆ ಚಾಚಿಕೊಂಡಿದೆ. ಅದರ ಒಳಬದಿಯ ನೀರು ಶಾಂತವಾದದ್ದು. ಆದರೆ ಒಳಗೆ ಬರಲು ದಾಟಬೇಕಾದ ಅಳಿವೆ ಬಾಗಿಲಿನಲ್ಲಿ ಮರಳು ಸದಾ ಕೂಡಿಕೊಳ್ಳುತ್ತಿರುತ್ತದೆ. ಈ ಬಂದರಿನ ಏಳುಬೀಳುಗಳಿಗೆಲ್ಲ ಈ ಎರಡು ಸಂಗತಿಗಳೇ ಮೂಲ.

ವ್ಯಾಪಾರ ಇಲ್ಲಿ ಬಹಳ ಹಳೆಯದು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ನಿನ ಜೊತೆ ವಹಿವಾಟು ನಡೆಸಿದ್ದ; ಅವನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಪರ್ಷಿಯಾ ಮತ್ತು ಯೆಮನ್‌ ವರ್ತಕರನ್ನು ಇಲ್ಲಿ ಕಂಡ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಬಂದರಿಗೆ ಹೊಸ ಸರಕು ದೊರೆಯಿತು. ಹಂಚು, ಘಟ್ಟದ ಮೇಲಿನ ಕಾಫಿ, ಕಾಳುಮೆಣಸು, ಮುಂದೆ ಗೇರುಬೀಜ ಹೊರಗೆ ಹೋಗುತ್ತಿದ್ದವು. ಉಪ್ಪು, ಖರ್ಜೂರ ಒಳಗೆ ಬರುತ್ತಿದ್ದವು.

ಹಡಗುಗಳು ಮಾತ್ರ ಸರಕು ಏರಿಳಿಸುವ ಧಕ್ಕೆಯವರೆಗೆ ಬರುತ್ತಿರಲಿಲ್ಲ. ಅಳಿವೆಯಲ್ಲಿ ಆಳ ಸಾಲದೆ ಅವು ಹೊರಗಿನ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಮೂಟೆಗಳನ್ನು ಕೂಲಿಯವರು ಹೊತ್ತು ದೋಣಿಗೆ ತುಂಬಬೇಕು, ದೋಣಿ ಅಳಿವೆ ದಾಟಿ ಹೋಗಿ ಹಡಗಿನ ಮಗ್ಗುಲಿಗೆ ನಿಲ್ಲಬೇಕು, ಅಲ್ಲಿ ಸರಕನ್ನು ಮತ್ತೆ ಮೇಲೆತ್ತಬೇಕು. ಮಳೆಗಾಲದಲ್ಲಿ ಇದೂ ನಿಂತು ಬಂದರು ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಹೀಗಾಗಿ ಧಕ್ಕೆಯ ಕಟ್ಟೆಯನ್ನು ಕಟ್ಟಿದ್ದು ದೋಣಿ ಮತ್ತು ಮಂಜಿಗಳೆಂಬ ಮರದ ಸರಕು ನೌಕೆಗಳ ಅಳತೆಗೆ. ಅದರ ಹಿಂದೆ ಹಂಚಿನ ಮಾಡಿನ, ದಪ್ಪ ಗೋಡೆಯ ಗೋದಾಮುಗಳ ಸಾಲು ಎದ್ದಿತು. ಕಾಫಿ, ಮೆಣಸಿಗೆ ತೇವ ತಗಲದಂತೆ ಮುಂದಿನ ಹಂಗಾಮಿನವರೆಗೆ ಕಾಪಾಡುವುದು ಅವುಗಳ ಕೆಲಸ.

ಆ ಕಾಲದ ಮೀನುಗಾರಿಕೆಗೆ ಬಂದರು ಬೇಕೇ ಇರಲಿಲ್ಲ. ಕರಾವಳಿಯ ಮೀನುಗಾರ ಸಮುದಾಯವಾದ ಮೊಗವೀರರ ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು, ಬಂಗುಡೆ ಅಥವಾ ಬೂತಾಯಿಯ ಹಿಂಡನ್ನು ಸುತ್ತುವರಿದು, ಎರಡೂ ತುದಿಯ ಹಗ್ಗಗಳನ್ನು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಮೀನು ಬೀಳುತ್ತಿದ್ದದ್ದು ಊರಿನ ಮುಂದಿನ ಕಡಲ ದಂಡೆಗೇ. ಮದ್ರಾಸ್ ಸರ್ಕಾರ 19ನೇ ಶತಮಾನದ ಕೊನೆಯಲ್ಲಿ ಸುಂಕವಿಲ್ಲದ ಉಪ್ಪು ಕೊಡಲು ತೆರೆದ ಮೀನು ಒಣಗಿಸುವ ಅಂಗಳಗಳೂ ಕರಾವಳಿಯುದ್ದಕ್ಕೆ ಚದುರಿದ್ದವು. ಪಾಲು ಹಂಚಿಕೆ, ಉಪ್ಪು ಹಾಕುವುದು, ಮಾರಾಟ ಎಲ್ಲವೂ ಊರಿನಲ್ಲೇ ಮುಗಿಯುತ್ತಿತ್ತು.

1950ರ ದಶಕದ ಕೊನೆಯಿಂದ ಬಂದ ಯಾಂತ್ರಿಕ ಬೋಟುಗಳು ಈ ಲೆಕ್ಕವನ್ನು ಕೆಡಿಸಿದವು. ಬಲೆಯನ್ನು ನೀರಿನಲ್ಲಿ ಎಳೆದೊಯ್ಯುವ ಟ್ರಾಲ್ ಬೋಟನ್ನು ಮರಳಿಗೆ ಎಳೆದು ಇಡಲಾಗದು. ಅದಕ್ಕೆ ಅಲೆಯಿಲ್ಲದ ನೀರು, ಕಟ್ಟಿ ನಿಲ್ಲಿಸಲು ಕಟ್ಟೆ, ಡೀಸೆಲ್, ಮಂಜುಗಡ್ಡೆ, ಲಾರಿ ಬರುವ ರಸ್ತೆ ಬೇಕು. ಸಿಗಡಿಗೆ ಹೊರದೇಶದ ಬೇಡಿಕೆ ಹುಟ್ಟಿದ ಮೇಲೆ ಬೋಟುಗಳು ಹೆಚ್ಚಿದವು. 1970ರ ದಶಕದ ಮಧ್ಯದಲ್ಲಿ ಹಿಂಡನ್ನು ಕಡಲಲ್ಲೇ ಸುತ್ತುವರಿಯುವ ದೊಡ್ಡ ಬಲೆಯ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಹಿಂಡುಗಳನ್ನು ಬಾಚಿಕೊಂಡವು. ಜಗಳ, ಪ್ರತಿಭಟನೆಗಳು ನಡೆದರೂ ಕೆಲವೇ ವರ್ಷಗಳಲ್ಲಿ ರಂಪಣಿ ಹೆಚ್ಚುಕಡಿಮೆ ಕಣ್ಮರೆಯಾಯಿತು. ನೂರಾರು ಕುಟುಂಬಗಳು ಪಾಲುದಾರಿಕೆಯ ಬಲೆಯನ್ನು ಬಿಟ್ಟು ಬೇರೆಯವರ ಬೋಟಿನ ಕೆಲಸಕ್ಕೆ ಹೋಗಬೇಕಾಗಿ ಬಂದದ್ದು ಈ ಬದಲಾವಣೆಯ ದೊಡ್ಡ ನಷ್ಟ.

ಸರಿಯಾಗಿ ಇದೇ ಹೊತ್ತಿಗೆ ಸರಕು ಬೇರೆ ಕಡೆ ಹೊರಟಿತ್ತು. ಸುಮಾರು 10 ಕಿಲೋಮೀಟರ್ ಉತ್ತರಕ್ಕೆ, ಪಣಂಬೂರಿನಲ್ಲಿ, ದೊಡ್ಡ ಹಡಗುಗಳು ಕಟ್ಟೆಗೇ ಬಂದು ನಿಲ್ಲುವ ನವಮಂಗಳೂರು ಬಂದರು ಸಿದ್ಧವಾಯಿತು. 1974ರ ಮೇನಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಹಳೆ ಬಂದರಿಗೆ ಉಳಿದದ್ದು ಮುಖ್ಯವಾಗಿ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿಗಳ ವ್ಯಾಪಾರ. ಹಡಗಿಗೆ ಸಾಲದ ಆಳ ಮೀನಿನ ಬೋಟಿಗೆ ಸಾಕಾಗುತ್ತಿತ್ತು. ದೋಣಿಗಾಗಿ ಕಟ್ಟಿದ ತಗ್ಗಿನ ಕಟ್ಟೆ ಬೋಟಿನಿಂದ ಬುಟ್ಟಿ ಎತ್ತಲು ಸರಿಹೊಂದುತ್ತಿತ್ತು. ಹಳೆ ಬಂದರಿನ ದಕ್ಷಿಣ ಬದಿಯ ಧಕ್ಕೆ ಹೀಗೆ ಮೀನುಗಾರರ ಪಾಲಾಯಿತು.

ಗೋದಾಮುಗಳ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಕಾಫಿಗೆ ಕಟ್ಟಿದ ಕೋಣೆ ಮೀನಿಗೆ ಒಗ್ಗದು. ನಸುಕಿನಲ್ಲಿ ಬೋಟು ಬಂದೊಡನೆ ಒಬ್ಬ ಅದರ ಕೆಳಗಿನ ಕೋಣೆಗಿಳಿದು, ಮಂಜುಗಡ್ಡೆಯ ಪುಡಿ ಸರಿಸಿ, ಮೀನನ್ನು ಬುಟ್ಟಿಗೆ ತುಂಬುತ್ತಾನೆ. ಬುಟ್ಟಿ ಕೈಯಿಂದ ಕೈಗೆ ಏರಿ ಧಕ್ಕೆಯ ಮೇಲೆ ರಾಶಿಯಾಗುತ್ತದೆ. ಏಲಂ ಕೂಗುವವನ ಸುತ್ತ ಮೀನು ಕಂಪನಿಗಳಿಗಾಗಿ ಕೊಳ್ಳುವವರೂ ಪೇಟೆಗೆ ಒಯ್ಯುವ ಮೊಗವೀರ ಹೆಂಗಸರೂ ನಿಂತಿರುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಗೋಡೆಯಿಲ್ಲದ ಹಜಾರ, ನೀರು ಹರಿದುಹೋಗುವಂತೆ ಇಳಿಜಾರಾದ ಸಿಮೆಂಟು ನೆಲ, ಚರಂಡಿ, ತೊಳೆಯಲು ಸಿಹಿನೀರು. ಹಾಗಾಗಿ ಧಕ್ಕೆಯ ಮೇಲೆ ಏಲಂ ಹಜಾರಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಒಂದು ಕಾಲಕ್ಕೆ ಹಂಚಿನ ಕಾರ್ಖಾನೆಗಳಿದ್ದ ಹೊಯಿಗೆ ಬಜಾರ್, ಬೋಳಾರದ ನದಿದಂಡೆಯಲ್ಲಿ ಐಸ್ ಪ್ಲಾಂಟುಗಳೂ ಬೋಟು ಕಟ್ಟುವ ಅಂಗಳಗಳೂ ಬೆಳೆದವು. ಚರಂಡಿ, ಕುಡಿಯುವ ನೀರು, ಶೌಚಾಲಯಗಳಿಗೆ ಮೊದಲಿನಿಂದಲೂ ಕೊಡಬೇಕಾದಷ್ಟು ಗಮನ ಸಿಗಲಿಲ್ಲ. ಇಡೀ ದಿನ ಅಲ್ಲೇ ದುಡಿಯುವ ಹೆಂಗಸರಿಗೆ ಇದರ ಬಿಸಿ ಎಲ್ಲರಿಗಿಂತ ಹೆಚ್ಚು ತಟ್ಟಿದೆ.

ಅಳಿವೆ ಬಾಗಿಲಿನ ಮರಳು ಮಾತ್ರ ಹಾಗೇ ಉಳಿಯಿತು. ಅಳಿವೆಯ ದಕ್ಷಿಣದ ಉಳ್ಳಾಲ ಮತ್ತು ಉತ್ತರದ ಬೆಂಗ್ರೆ ಬದಿಗಳಲ್ಲಿ ಅಲೆ ತಡೆಗೋಡೆಗಳನ್ನು ಕಟ್ಟಿದ ಮೇಲೆ ಬೋಟುಗಳ ಓಡಾಟ ಸುಲಭವಾದರೂ ಉಳ್ಳಾಲದ ಕಡಲ್ಕೊರೆತ ಹೆಚ್ಚಿತೆಂಬ ದೂರು ಎದ್ದಿತು. ಮುಂದೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ಆ ಗೋಡೆಗಳನ್ನು ಸರಿಪಡಿಸಿ, ಉಳ್ಳಾಲದ ಎದುರು ಕಡಲೊಳಗೆ ದಿಬ್ಬಗಳನ್ನು ಕಟ್ಟಲಾಯಿತು. ಒಳಗಿನ ಹೂಳನ್ನು ಮಾತ್ರ ಮತ್ತೆ ಮತ್ತೆ ತೆಗೆಯುತ್ತಲೇ ಇರಬೇಕು.

ಹತ್ತು ದಿನ ಕಡಲಲ್ಲೇ ಉಳಿಯುವ ಆಳಸಮುದ್ರದ ಬೋಟುಗಳು ಬಂದ ಮೇಲೆ ಜಾಗ ಇಕ್ಕಟ್ಟಾಯಿತು. ಸಾವಿರಕ್ಕೂ ಹೆಚ್ಚು ಬೋಟುಗಳ ಈ ಬಂದರಿನಲ್ಲಿ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಒಂದಕ್ಕೊಂದು ಕಟ್ಟಿದ ಬೋಟುಗಳ ಸಾಲು ನದಿಯ ಅಗಲವನ್ನೇ ಕಿರಿದಾಗಿಸುತ್ತದೆ. ಜಾಗ ಹೆಚ್ಚಿಸಲು ಕೈಗೊಂಡ ಬಂದರಿನ ಮೂರನೇ ಹಂತದ ವಿಸ್ತರಣೆ ವರ್ಷಗಟ್ಟಲೆ ಕುಂಟಿತು. 2022ರ ಸೆಪ್ಟೆಂಬರಿನಲ್ಲಿ ನವಮಂಗಳೂರು ಬಂದರಿಗೆ ಹೊಂದಿಕೊಂಡ ಕುಳಾಯಿಯಲ್ಲಿ ಇನ್ನೊಂದು ಮೀನುಗಾರಿಕಾ ಬಂದರಿಗೆ ಶಂಕುಸ್ಥಾಪನೆಯಾಯಿತು. ಪಣಂಬೂರಿನ ದೊಡ್ಡ ಬಂದರಿಗಾಗಿ ತಮ್ಮ ಕಡಲ ದಂಡೆಯನ್ನು ಬಿಟ್ಟುಕೊಟ್ಟ ಮೀನುಗಾರ ಗ್ರಾಮಗಳು ಬಹುಕಾಲದಿಂದ ಇದನ್ನು ಕೇಳುತ್ತ ಬಂದಿದ್ದವು.