ಗಂಟು ಬಿಚ್ಚೋ ಮುಂಚೆ: ಡೀಸೀರಿಯಲೈಸೇಷನ್ ಇತಿಹಾಸ

(ಕೋಡ್ ಇತಿಹಾಸ ಸರಣಿ, ಭಾಗ 4. ಉದ್ದ ಅದ, ಆದ್ರೂ ಪೂರ್ತಿ ಓದ್ರಿ 👇)

ದೋಸ್ತ್ರೇ, ನಮ್ಮ ಬಳಿಚಕ್ರ, ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಗುಳೆ ಹೋಗೋರನ್ನ ನೀವೆಲ್ಲ ನೋಡೇ ಇರ್ತೀರಿ. ಇಡೀ ಸಂಸಾರ ಒಂದೆರಡು ಗಂಟಿನಾಗ ಕೂಡ್ತದ. ಬೆಂಗಳೂರು ಮುಟ್ಟಿ ಬಿಚ್ಚಿದ್ರೆ ಅದೇ ಪಾತ್ರೆ, ಅದೇ ಹಾಸಿಗೆ, ಮತ್ತ ಮನಿ ಆಗ್ತದ.

ಪ್ರೋಗ್ರಾಮ್‌ಗಳೂ ಇದನ್ನೇ ಮಾಡ್ತಾವ. ಮೆಮೊರಿಯಲ್ಲಿರುವ ಆಬ್ಜೆಕ್ಟನ್ನು ಬೈಟ್‌ಗಳ ಗಂಟು ಕಟ್ಟಿ ಕಳಿಸುವುದು ಸೀರಿಯಲೈಸೇಷನ್. ಆ ಕಡೆ ಬಿಚ್ಚಿ ಮತ್ತೆ ಆಬ್ಜೆಕ್ಟ್ ಮಾಡಿಕೊಳ್ಳುವುದು ಡೀಸೀರಿಯಲೈಸೇಷನ್. ಗಂಟು ಯಾರು ಕಟ್ಟಿದ್ದು ಅಂತ ಕೇಳದೆ ಬಿಚ್ಚಿದಾಗ ಏನಾಗ್ತದ? ಇವತ್ತಿನ ಕಥೆ ಅದೇ.

🔹 1997: ಅನುಕೂಲಕ್ಕೆ ಹುಟ್ಟಿದ್ದು

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1997ರ ಫೆಬ್ರವರಿಯಲ್ಲಿ ಜಾವಾ 1.1 ಬಿಡುಗಡೆ ಮಾಡಿತು. ಆಬ್ಜೆಕ್ಟ್ ಕಟ್ಟುವ, ಬಿಚ್ಚುವ ಸೌಲಭ್ಯ ಅದರೊಳಗೇ ಬಂತು. ಒಂದೆರಡು ಸಾಲು ಕೋಡ್ ಬರೆದರೆ ಸಾಕು, ಕೆಲಸ ಮುಗೀತು. ಪಿಎಚ್‌ಪಿಯಲ್ಲಿ ಅನ್‌ಸೀರಿಯಲೈಸ್, ಪೈಥಾನ್‌ನಲ್ಲಿ ಪಿಕಲ್ ಇದೇ ಜಾತಿಯವು.

ಈ ಗಂಟಿನಲ್ಲಿ ಬರೀ ಹೆಸರು, ಅಂಕಿ ಇರೋದಿಲ್ಲ. ಯಾವ ಕ್ಲಾಸಿನ ಆಬ್ಜೆಕ್ಟ್ ಮಾಡಬೇಕು ಅಂತಲೂ ಬರೆದಿರ್ತದ. ಸರ್ವರ್ ಅದನ್ನು ಓದಿ ಆ ಆಬ್ಜೆಕ್ಟ್ ಹುಟ್ಟಿಸ್ತದ. ಹುಟ್ಟುವಾಗಲೇ ಕೆಲವು ಫಂಕ್ಷನ್‌ಗಳು ತಾವಾಗಿಯೇ ಓಡ್ತಾವ.

🔹 ತೆಗೆಯೋದೇ ಅಪಾಯ

ನಮ್ಮ ಕಡೆ ಜೋಳ ಇಡೋ ಹಗೇವು ಹಿರಿಯರಿಗೆ ಗೊತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯೋದಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗ್ತದ. ಇಳಿದ ಮ್ಯಾಲೆ ಜೋಳ ಚಲೋ ಅದನೋ ಇಲ್ಲೋ ನೋಡ್ತೀನಿ ಅಂದ್ರೆ ಆಗ ತಡ ಆಗಿರ್ತದ.

ಇಲ್ಲೂ ಹಂಗೇ. ‘ಮೊದಲು ಬಿಚ್ಚೋಣ, ಆಮೇಲೆ ಸರಿ ಅದನೋ ಇಲ್ಲೋ ಚೆಕ್ ಮಾಡೋಣ’ ಅಂತ ಕೋಡ್ ಬರೆದರೆ, ಚೆಕ್ ಮಾಡೋ ಸಾಲಿಗೆ ಬರೋದ್ರಾಗ ಆಗಬಾರದ್ದು ಆಗಿ ಹೋಗಿರ್ತದ. ಕಳ್ಳ ತನ್ನ ಆಯುಧ ತರೋದೂ ಬೇಕಿಲ್ಲ. ನಮ್ಮ ಅಪ್ಲಿಕೇಷನ್‌ನಲ್ಲಿ ಮೊದಲೇ ಇರುವ ಲೈಬ್ರರಿ ಕ್ಲಾಸುಗಳನ್ನೇ ಸರಪಳಿಯಂತೆ ಜೋಡಿಸಿ ತನಗೆ ಬೇಕಾದ ಕಮಾಂಡ್ ಓಡಿಸ್ತಾನ. ನಮ್ಮ ಮನಿ ಕುಡುಗೋಲು, ನಮ್ಮ ಕುತ್ತಿಗಿಗೇ.

🔹 2015: ಯಾರೂ ಕಿವಿಗೊಡಲಿಲ್ಲ

ಪಿಎಚ್‌ಪಿಯಲ್ಲಿ ಹೀಗಾಗ್ತದ ಅಂತ ಸ್ಟೀಫನ್ ಎಸ್ಸರ್ 2009ರಲ್ಲೇ ತೋರಿಸಿದ್ದರು. 2015ರ ಜನವರಿಯಲ್ಲಿ ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಕ್ಯಾಲಿಫೋರ್ನಿಯಾದ ಸಮ್ಮೇಳನವೊಂದರಲ್ಲಿ ಜಾವಾದ ಕಥೆ ಬಿಚ್ಚಿಟ್ಟರು. ಅಪಾಚೆ ಕಾಮನ್ಸ್ ಕಲೆಕ್ಷನ್ಸ್ ಅನ್ನೋ ಲೈಬ್ರರಿ ಜೊತೆಗಿದ್ದರೆ ಸಾಕು, ಒಂದು ಗಂಟು ಕಳಿಸಿ ಸರ್ವರ್ ಹಿಡಿಯಬಹುದು ಅಂತ ಮಾಡಿ ತೋರಿಸಿದರು. ತಿಂಗಳುಗಟ್ಟಲೆ ದೊಡ್ಡ ಸದ್ದೇನೂ ಆಗಲಿಲ್ಲ.

ನವೆಂಬರ್‌ನಲ್ಲಿ ಸ್ಟೀಫನ್ ಬ್ರೀನ್ ಅದೇ ದಾರಿ ಹಿಡಿದು ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಜೆಂಕಿನ್ಸ್ ಎಲ್ಲದರಲ್ಲೂ ಒಳಗೆ ಹೋಗಬಹುದು ಅಂತ ಬರೆದರು. ಆಗ ಎಲ್ಲರೂ ಎದ್ದು ಕೂತರು. 2017ರಲ್ಲಿ ಓವಾಸ್ಪ್ ಸಂಸ್ಥೆ ತನ್ನ ಹತ್ತು ದೊಡ್ಡ ವೆಬ್ ಅಪಾಯಗಳ ಪಟ್ಟಿಗೆ ಇದನ್ನ ಸೇರಿಸಿತು. 2018ರಲ್ಲಿ ಜಾವಾದ ಮುಖ್ಯ ವಾಸ್ತುಶಿಲ್ಪಿ ಮಾರ್ಕ್ ರೈನ್‌ಹೋಲ್ಡ್ ಅವರೇ, 1997ರಲ್ಲಿ ಇದನ್ನು ಸೇರಿಸಿದ್ದು ಘೋರ ತಪ್ಪು ಅಂತ ಒಪ್ಪಿಕೊಂಡರು. ನಡುವೆ 21 ವರ್ಷ ಹೋಗಿತ್ತು ನೋಡ್ರಿ.

🔹 2020: ಪಕ್ಕದ ರಾಜ್ಯಕ್ಕೂ ಬಂತು

ಇದು ಅಮೆರಿಕದ ಕಥೆ ಅಂತ ಬಿಡಬ್ಯಾಡ್ರಿ. ಚೆನ್ನೈನ ಜೋಹೋ ಕಂಪನಿಯ ಒಂದು ಸಾಫ್ಟ್‌ವೇರ್‌ಗೆ ಆಗ ಡೆಸ್ಕ್‌ಟಾಪ್ ಸೆಂಟ್ರಲ್ ಅನ್ನೋ ಹೆಸರಿತ್ತು. ಒಂದು ಕಚೇರಿಯ ಎಲ್ಲಾ ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳೋದು ಅದರ ಕೆಲಸ. 2020ರ ಮಾರ್ಚ್‌ನಲ್ಲಿ ಸ್ಟೀವನ್ ಸೀಲಿ ಅದರಲ್ಲಿ ಇದೇ ತೂತು ಇರೋದನ್ನ ಬಹಿರಂಗ ಮಾಡಿದರು. ಕಂಪನಿ ಬೇಗ ಪ್ಯಾಚ್ ಕೊಟ್ಟಿತು. ಆದರೆ ಕೆಲವೇ ದಿನಗಳಲ್ಲಿ ಹ್ಯಾಕರ್‌ಗಳು ಪ್ಯಾಚ್ ಹಾಕಿಕೊಳ್ಳದ ಕಡೆ ನುಗ್ಗಿದ್ದರು. ಅಲ್ಲಿ ಒಂದು ಸರ್ವರ್ ಸಿಕ್ಕರೆ ಕಚೇರಿ ಪೂರ್ತಿ ಕೈಗೆ ಬಂದ ಹಂಗೆ. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಶೇರ್‌ಪಾಯಿಂಟ್‌ಗೆ ಬಿದ್ದ ಪೆಟ್ಟೂ ಇದೇ ಜಾತಿಯದು.

🔹 ನಮಗ್ಯಾಕೆ ಬೇಕು?

ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. ಆಗ ನಮ್ಮ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಈಗ ಬಳಿಚಕ್ರದ ರೈತನ ಹೊಲ, ನಿಮ್ಮ ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಹಾಲ್ ಟಿಕೆಟ್ ಎಲ್ಲ ಒಂದಿಲ್ಲೊಂದು ಸರ್ವರ್‌ನಾಗ ಅದಾವ. ಅಲ್ಲಿ ತೂತು ಅದ ಅಂತ ನಾನು ಹೇಳ್ತಿಲ್ಲ. ನಾಳೆ ಅಂಥ ಸರ್ವರ್‌ಗೆ ಕೋಡ್ ಬರೆಯೋರು ನಮ್ಮ ಕ್ಲಾಸಿನವರೇ ಇರಬಹುದು. ಅವತ್ತು ಸೋಮಾರಿತನಕ್ಕೆ ಬರೆದ ಒಂದು ಸಾಲು ಯಾರದೋ ಎರಡು ಎಕರೆ ದಾಖಲೆಗೆ ಕುತ್ತು ತರಬಹುದು.

🔹 ಏನ್ ಮಾಡಬೇಕು?

1. ಹೊರಗಿನಿಂದ ಬರೋ ಡೇಟಾಗೆ ಪಿಕಲ್, ಅನ್‌ಸೀರಿಯಲೈಸ್ ಬಳಸಲೇಬ್ಯಾಡ್ರಿ. ಸಾದಾ ಜೇಸನ್ ತಗೊಳ್ರಿ. ಅದರಲ್ಲೂ ಕ್ಲಾಸ್ ಹೆಸರು ಒಳಗೆ ಬರಗೊಡಬ್ಯಾಡ್ರಿ.
2. ಬಿಡೋಕೆ ಆಗದಿದ್ದರೆ, ಯಾವ ಕ್ಲಾಸ್‌ಗೆ ಮಾತ್ರ ಒಪ್ಪಿಗೆ ಅಂತ ಪಟ್ಟಿ ಮಾಡ್ರಿ. 2017ರ ಜಾವಾ 9ರಲ್ಲಿ ಇದಕ್ಕಂತಲೇ ಫಿಲ್ಟರ್ ಬಂದದ.
3. ಗಂಟಿಗೆ ಡಿಜಿಟಲ್ ಸಹಿ ಹಾಕಿ, ಬಿಚ್ಚೋ ಮುಂಚೆ ಸಹಿ ನೋಡ್ರಿ. ಕೀಲಿ ಕಳುವಾದರೆ ಕೀಲಿಯನ್ನೂ ಬದಲಿಸಬೇಕು. ಶೇರ್‌ಪಾಯಿಂಟ್ ಕಲಿಸಿದ ಪಾಠ ಅದು: ಕದ್ದ ಕೀಲಿ ಇಟ್ಟುಕೊಂಡವನಿಗೆ ಪ್ಯಾಚ್ ಅಡ್ಡ ಬರೋದಿಲ್ಲ.
4. ಎಐ ಪ್ರಾಜೆಕ್ಟ್‌ಗೆ ಮಾಡೆಲ್ ಡೌನ್‌ಲೋಡ್ ಮಾಡೋರು ಕೇಳ್ರಿ. ಎಷ್ಟೋ ಮಾಡೆಲ್ ಫೈಲ್ ಒಳಗೆ ಪಿಕಲ್ಲೇ ಇರೋದು. ಪೈಟಾರ್ಚ್ 2.6ರಿಂದ (ಜನವರಿ 2025) ಬರೀ ತೂಕಗಳನ್ನಷ್ಟೇ ಓದೋದು ಡೀಫಾಲ್ಟ್ ಆಗ್ಯಾದ. ಯಾವುದೋ ವೀಡಿಯೊ ನೋಡಿ ಅದನ್ನ ಆಫ್ ಮಾಡಬ್ಯಾಡ್ರಿ. ಸೇಫ್‌ಟೆನ್ಸರ್ಸ್ ಫೈಲ್ ಸಿಕ್ಕರೆ ಅದನ್ನೇ ತಗೊಳ್ರಿ.

ಇವತ್ತು ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನಾಗ ‘ಪಿಕಲ್’ ಅಂತ ಒಮ್ಮೆ ಹುಡುಕ್ರಿ. ಎಷ್ಟು ಕಡೆ ಸಿಕ್ತು ಅಂತ ಕಾಮೆಂಟ್‌ನಾಗ ಹೇಳ್ರಿ. ಆ ಫೈಲ್ ಎಲ್ಲಿಂದ ಬಂದದ್ದು ಅನ್ನೋದನ್ನೂ ಬರೀರಿ.

#ಕೋಡ್_ಇತಿಹಾಸ #ಯಾದಗಿರಿ #ಬಳಿಚಕ್ರ #ಸೈಬರ್_ಸುರಕ್ಷತೆ