ಹೊಳೆಮೀನಿಗೆ ಮಳೆಯೇ ಪಂಚಾಂಗ

ಜೂನ್ ತಿಂಗಳ ಮೊದಲ ವಾರ ಕಳೆದು ಮೃಗಶಿರಾ ಮಳೆ ಹುಟ್ಟಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಹಳ್ಳಿಗಳಲ್ಲಿ ಕೆಲವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡು ದಿನ ಎಡೆಬಿಡದೆ ಹೊಯ್ಯಬೇಕು. ಹಳ್ಳದ ನೀರು ಕೆಂಪಾಗಿ, ಅಂಚು ಮೀರಿ ಗದ್ದೆಬಯಲಿಗೆ ನುಗ್ಗಬೇಕು. ಕಪ್ಪೆಗಳ ವಟಗುಟ್ಟುವಿಕೆ ಕಿವಿಗಡಚಿಕ್ಕಬೇಕು. ಆಗ ಯಾರೋ ಒಬ್ಬರು ಅಂಗಳದಲ್ಲಿ ನಿಂತು ‘ಮೀನು ಹತ್ತಿದೆಯಂತೆ’ ಎನ್ನುತ್ತಾರೆ. ಹಿಂದೆ ಸೂಡಿ ಹಿಡಿದು, ಈಗ ಟಾರ್ಚ್ ಹಿಡಿದು, ಕಂಬಳಿಯನ್ನೋ ಪ್ಲಾಸ್ಟಿಕ್ಕನ್ನೋ ಹೊದ್ದು, ಕೈಯಲ್ಲೊಂದು ಕತ್ತಿ ಹಿಡಿದು ಜನ ಬಯಲಿಗೆ ಇಳಿಯುತ್ತಾರೆ. ಇದೇ ಮಲೆನಾಡಿನ ‘ಹತ್ತುಮೀನು’ ಬೇಟೆ. ಇಲ್ಲಿ ಹತ್ತು ಎಂದರೆ ಸಂಖ್ಯೆಯಲ್ಲ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು ಎಂದು ಅರ್ಥ.

ಮೀನು ಹಿಡಿಯಲು ದಿನ ನೋಡುವ ಪದ್ಧತಿ ಪ್ರಪಂಚದಲ್ಲೆಲ್ಲ ಇದೆ. ಆದರೆ ಯಾವುದನ್ನು ನೋಡಿ ದಿನ ಗೊತ್ತುಮಾಡುತ್ತಾರೆ ಎಂಬುದು ಊರಿಂದ ಊರಿಗೆ ಬೇರೆ. ಆಗುಂಬೆಯ ಘಾಟಿ ಇಳಿದು ಕರಾವಳಿಗೆ ಹೋದರೆ ಅಲ್ಲಿನವರು ನೋಡುವುದು ಚಂದ್ರನನ್ನು. ಘಾಟಿಯ ಮೇಲಿನವರು ನೋಡುವುದು ಸೂರ್ಯ ನಡೆಯುವ ನಕ್ಷತ್ರವನ್ನು. ನಡುವೆ ಇರುವುದು ಒಂದೇ ಬೆಟ್ಟಸಾಲು, ಆದರೂ ಎರಡು ಕಡೆ ಎರಡು ಪಂಚಾಂಗ. ಇದು ಹೇಗಾಯಿತು?

ಕಡಲಿನ ಲೆಕ್ಕ ಮೊದಲು ನೋಡೋಣ. ಚಂದ್ರನ ಮತ್ತು ಸೂರ್ಯನ ಸೆಳೆತದಿಂದ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಉಬ್ಬುತ್ತದೆ, ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ದೊಡ್ಡದು. ಅಷ್ಟಮಿಯ ಹೊತ್ತಿಗೆ ಸಣ್ಣದು. ಆದ್ದರಿಂದ ಅಳಿವೆಯಲ್ಲಿ ಬಲೆ ಬೀಸುವವನಿಗೆ, ಕಟ್ಟೆಯ ಮೇಲೆ ಕುಳಿತು ಗಾಳ ಹಾಕುವವನಿಗೆ ಇಂದು ಯಾವ ತಿಥಿ ಎಂದು ಗೊತ್ತಿದ್ದರೆ ನೀರು ಯಾವಾಗ ಏರುತ್ತದೆ ಎಂಬುದೂ ಗೊತ್ತಾದಂತೆ. ಮಳೆಗಾಲದ ಬಿಡುವಿನ ಬಳಿಕ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆಯನ್ನು ನೂಲಹುಣ್ಣಿಮೆಯ ದಿನ ಮಾಡುವ ರೂಢಿಯೂ ಚಾಂದ್ರಮಾನದ್ದೇ.

ಘಾಟಿಯ ಮೇಲೆ ಈ ಲೆಕ್ಕ ನಡೆಯದು. ತುಂಗೆ ಮತ್ತು ಭದ್ರೆ ಎರಡೂ ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ ಹುಟ್ಟುತ್ತವೆ. ಅಲ್ಲಿಂದ ಅರಬ್ಬೀ ಸಮುದ್ರ ಕೂಗಳತೆಯ ದೂರ ಎನ್ನಬೇಕು. ಆದರೂ ಎರಡೂ ಹೊಳೆಗಳು ಅದಕ್ಕೆ ಬೆನ್ನು ತಿರುಗಿಸಿ ಹೊರಡುತ್ತವೆ. ತುಂಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಗಳನ್ನು ದಾಟಿದರೆ, ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ದಾಟುತ್ತದೆ. ಕೂಡ್ಲಿಯಲ್ಲಿ ಎರಡೂ ಸೇರಿ, ಮುಂದೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಆ ಸಮುದ್ರದ ಉಬ್ಬರ ಶೃಂಗೇರಿಯ ಮೆಟ್ಟಿಲಿಗೆ ತಿಳಿಯುವುದು ಹೇಗೆ? ಇಲ್ಲಿ ಹೊಳೆಯನ್ನು ಏರಿಸುವುದು ಒಂದೇ, ಅದು ಮಳೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,600 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೋಡ ಕವಿದ ಆ ನಾಲ್ಕು ತಿಂಗಳಲ್ಲಿ ಚಂದ್ರ ಕಂಡರಲ್ಲವೇ ಅವನನ್ನು ನೋಡಿ ದಿನ ಇಡುವುದು!

ಹಾಗಾಗಿ ಮಲೆನಾಡಿಗರು ಹಿಡಿದದ್ದು ಮಳೆನಕ್ಷತ್ರಗಳ ಲೆಕ್ಕ. ಸೂರ್ಯ ವರ್ಷಕ್ಕೊಮ್ಮೆ 27 ನಕ್ಷತ್ರಗಳನ್ನು ಹಾದುಹೋಗುತ್ತಾನೆ. ಒಂದೊಂದರಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಜೂನ್ 8ರ ಸುಮಾರಿಗೆ ಮೃಗಶಿರಾ, 22ರ ಸುಮಾರಿಗೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, ಮೂರನೆಯ ವಾರ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ. ಚಾಂದ್ರಮಾನದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಆಗುತ್ತವೆ, ಮಳೆನಕ್ಷತ್ರಗಳು ಹಾಗಾಗುವುದಿಲ್ಲ. ಬಿತ್ತನೆ, ನಾಟಿ, ಅಡಿಕೆಗೆ ಔಷಧಿ ಹೊಡೆಯುವುದು ಎಲ್ಲಕ್ಕೂ ಇದೇ ಆಧಾರ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆ ಹುಟ್ಟಿದ್ದು ರೈತನ ಬಾಯಲ್ಲಾದರೂ ಮೀನು ಹಿಡಿಯುವವನಿಗೂ ಅದು ಅಷ್ಟೇ ಸಲ್ಲುತ್ತದೆ.

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣಗಳ ವಿಚಾರ ಉಂಟು. ಸುಮಾರು ಕ್ರಿ.ಶ. 1300ರಲ್ಲಿದ್ದ ರಟ್ಟಕವಿ ಮಳೆ, ಗಾಳಿ, ಮಿಂಚುಗಳ ಶಕುನಕ್ಕೆಂದೇ ‘ರಟ್ಟಮತ’ವನ್ನು ಕನ್ನಡದಲ್ಲಿ ಬರೆದ. ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಎಪ್ಪತ್ತು ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ರಟ್ಟಕವಿಯ ಕಾಲದಲ್ಲಿ ಆರಿದ್ರಾ ಈಗಿನದಕ್ಕಿಂತ ಸುಮಾರು ಹತ್ತು ದಿನ ಮುಂಚೆಯೇ ಹುಟ್ಟುತ್ತಿತ್ತು ಎಂದಾಯಿತು. ಆದ್ದರಿಂದ ಹಳ್ಳಿಯವರು ಪುಸ್ತಕವೊಂದನ್ನೇ ನಂಬಿ ಕೂರಲಿಲ್ಲ. ನೀರಿನ ಬಣ್ಣ, ಕಪ್ಪೆಯ ಕೂಗು, ಗಾಳಿಯ ದಿಕ್ಕು ನೋಡಿ ಪಂಚಾಂಗವನ್ನು ತಾವೇ ತಿದ್ದಿಕೊಂಡರು.

ಅಸಲಿಗೆ ಅವರು ಅನುಸರಿಸುತ್ತಿದ್ದುದು ಮೀನಿನದೇ ಪಂಚಾಂಗವನ್ನು. ಬೇಸಗೆಯಲ್ಲಿ ಗುಂಡಿಗಳಲ್ಲಿ ಸೇರಿಕೊಂಡಿದ್ದ ಮೀನಿಗೆ ಮೊದಲ ಪ್ರವಾಹ ಸುದ್ದಿ ತರುತ್ತದೆ. ನೀರು ತಂಪಾಗುತ್ತದೆ, ಸೆಳೆತ ಹೆಚ್ಚುತ್ತದೆ, ಹೊಸ ಮಣ್ಣಿನ ವಾಸನೆ ಬೆರೆಯುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ಬಲಿತ ಮೀನು ಸೆಳೆತಕ್ಕೆ ಎದುರಾಗಿ ಈಜುತ್ತದೆ. ಗದ್ದೆಯಲ್ಲಿ ನಿಂತ ತೆಳುನೀರು ಮರಿಗಳಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಹುಳುಹುಪ್ಪಟೆಯ ಆಹಾರವಿದೆ, ದೊಡ್ಡ ಮೀನಿನ ಬಾಯಿಯ ಭಯವಿಲ್ಲ. ಮಳೆ ಹೊಳವಾಗಿ ನೀರು ಇಳಿಯುವಾಗ ದೊಡ್ಡವು, ಮರಿಗಳು ಎಲ್ಲ ಹೊಳೆಗೆ ಮರಳುತ್ತವೆ. ಅದಕ್ಕೇ ಬೇಟೆಯೂ ಎರಡು ಬಗೆ. ಹತ್ತುವಾಗ ಕತ್ತಿ, ಬಲೆ. ಇಳಿಯುವಾಗ ಅಂಚಿನ ಕಂಡಿಗೆ ಒಡ್ಡುವ ಬಿದಿರಿನ ಕೂಣಿ. ಕೂಣಿಯ ಬಾಯಿಗೆ ಒಳಮುಖವಾಗಿ ಕಡ್ಡಿ ಕಟ್ಟಿರುವುದರಿಂದ ಒಳಹೊಕ್ಕ ಮೀನು ಹೊರಗೆ ಬರಲಾರದು.

ಇಲ್ಲಿಯವರೆಗೆ ಹೇಳಿದ್ದು ಹಿಡಿಯುವ ಜಾಣ್ಮೆಯ ಮಾತು. ಕನ್ನಡ ನಾಡಿನ ಅರಸರಿಗೂ ಅದರ ರುಚಿ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ತಿನಿಸು, ಗಾಳ ಹಾಕುವ ಕ್ರಮ ಎಲ್ಲವನ್ನೂ ಆತ ವಿವರಿಸಿದ್ದಾನೆ. ಮೀನಿನ ವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು.

ಅದೇ ಹೋರಾ ಇನ್ನೊಂದು ಹಳೆಯ ದಾಖಲೆಯನ್ನೂ ಎತ್ತಿ ತೋರಿಸಿದ್ದರು. ಅದು ಅಶೋಕನ ಐದನೆಯ ಸ್ತಂಭಶಾಸನ. ಪಟ್ಟಕ್ಕೆ ಬಂದು 26 ವರ್ಷವಾದಾಗ, ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಹೊರಡಿಸಿದ ಈ ಆಜ್ಞೆ ವರ್ಷದ ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲಿ, ತಿಷ್ಯಾ ಹುಣ್ಣಿಮೆಯಲ್ಲಿ ಮತ್ತು ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸುತ್ತದೆ. ಇದರಲ್ಲಿ ನಮಗೆ ಮುಖ್ಯವಾದದ್ದೊಂದಿದೆ. ಹಿಡಿಯಲು ದಿನ ನೋಡುವಂತೆ ಬಿಡಲೂ ದಿನ ನೋಡಬಹುದು. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪಂಚಾಂಗಕ್ಕೆ ಈ ಎರಡನೆಯ ಕೆಲಸ ಬಂದಿತ್ತು.

ಮಲೆನಾಡಿನಲ್ಲಿ ಈ ‘ಬಿಡುವ’ ಪದ್ಧತಿ ದಿನದ ರೂಪದಲ್ಲಿ ಅಲ್ಲ, ಜಾಗದ ರೂಪದಲ್ಲಿ ಉಳಿಯಿತು. ಶೃಂಗೇರಿ ಮಠದ ಎದುರಿನ ತುಂಗೆಯ ಮಡುವಿನಲ್ಲಿ ಮಶೀರ್ ಮುಂತಾದ ದೊಡ್ಡ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅವು ದೇವರ ಮೀನುಗಳು. ಯಾತ್ರಿಕರು ಮಂಡಕ್ಕಿ ಎರಚಿದರೆ ಮೆಟ್ಟಿಲಿನವರೆಗೂ ಬರುತ್ತವೆ. ಕೆಳಗೆ ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲೂ ಇಂಥದೇ ಮತ್ಸ್ಯಧಾಮವಿದೆ. ಇದರ ಹಿಂದಿರುವುದು ಭಕ್ತಿಯೇ ಇರಬಹುದು, ಫಲ ಮಾತ್ರ ವಿಜ್ಞಾನ ಒಪ್ಪುವಂಥದು. ಕಾಟ್ಲಾ, ರೋಹುಗಳಲ್ಲಿ ಹೆಣ್ಣಿನ ಒಂದೊಂದು ಕಿಲೋ ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಗಳಿದ್ದರೆ ಮಶೀರಿನಲ್ಲಿ ಕೆಲವೇ ಸಾವಿರ. ಇಂಥ ಮೀನು ಬಾಳಿ ಉಳಿಯಬೇಕಾದರೆ ದೊಡ್ಡ ತಾಯಿಮೀನುಗಳಿಗೆ ಎಲ್ಲಾದರೂ ಒಂದು ಅಭಯದ ಮಡು ಬೇಕೇಬೇಕು.

ಸರ್ಕಾರದ ಕಾನೂನೂ ಬಂತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಹೊಳೆಗೆ ವಿಷ ಹಾಕುವುದನ್ನು, ಸಿಡಿಮದ್ದು ಹಾರಿಸುವುದನ್ನು ನಿಷೇಧಿಸಿತು. ಇತ್ತ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಚಂದ್ರನನ್ನು ನೋಡುವ ಕಡಲಿನವರು ಕೂಡ ಮೀನು ಮೊಟ್ಟೆಯಿಡುವ ಕಾಲಕ್ಕೆ ಮಳೆಯ ಲೆಕ್ಕಕ್ಕೇ ಬಂದಿದ್ದಾರೆ. ವಿಚಿತ್ರವೆಂದರೆ ಘಾಟಿಯ ಕೆಳಗೆ ದೋಣಿಗಳು ದಡ ಸೇರಿರುವ ಅವೇ ವಾರಗಳಲ್ಲಿ ಘಾಟಿಯ ಮೇಲೆ ಕತ್ತಿಗಳು ಹೊರಗೆ ಬರುತ್ತವೆ.

ಅಜ್ಜಂದಿರ ಕಾಲದಲ್ಲಿ ಇದರಿಂದ ಹೊಳೆ ಬರಿದಾಗಲಿಲ್ಲವಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಗ ಹೊಳೆಗೆ ತಡೆಯಿರಲಿಲ್ಲ, ಬಯಲು ತುಂಬ ಗದ್ದೆಯಿತ್ತು, ಸೂಡಿಯ ಬೆಳಕು ನಾಲ್ಕು ಮಾರಿಗೆ ಮುಗಿಯುತ್ತಿತ್ತು. ಇಂದು ಮೂರೂ ಬದಲಾಗಿವೆ. ಲಕ್ಕವಳ್ಳಿಯಲ್ಲಿ 1947ರಲ್ಲಿ ಆರಂಭವಾಗಿ 1965ರಲ್ಲಿ ಮುಗಿದ ಭದ್ರಾ ಅಣೆಕಟ್ಟೆ ಕೆಳಗಿನ ಮೀನು ಮೇಲೆ ಬರುವ ದಾರಿಯನ್ನು ಮುಚ್ಚಿತು. ತುಂಗೆಗೆ ಗಾಜನೂರಿನಲ್ಲಿ ಅಡ್ಡಗಟ್ಟೆ ಬಂತು. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದವು. ಟಾರ್ಚಿನ ಬೆಳಕು ಬಯಲಿನ ಆಚೆ ದಡ ಮುಟ್ಟುತ್ತದೆ.

ಅಣೆಕಟ್ಟೆ ನರಸಿಂಹರಾಜಪುರಕ್ಕೆ ಹೊಸದೊಂದು ಪಂಚಾಂಗವನ್ನೇ ಕೊಟ್ಟಿತು. ಭದ್ರೆಯ ಹಿನ್ನೀರು ಊರಿನ ಅಂಚಿಗೆ ಬಂದು ನಿಂತಿದೆ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ಅದು ಏರುತ್ತದೆ, ನಾಲೆಗೆ ನೀರು ಬಿಟ್ಟಂತೆ ಬೇಸಗೆಯ ಕೊನೆಯವರೆಗೂ ಇಳಿಯುತ್ತದೆ. ವರ್ಷಕ್ಕೊಂದೇ ಉಬ್ಬರ, ಒಂದೇ ಇಳಿತ. ಬೇಸಗೆಯಲ್ಲಿ ನೀರಿಳಿದು ನಡುಗಡ್ಡೆಗಳು ತಲೆ ಎತ್ತಿದಾಗ ನದಿ ರೀವ ಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಹಿನ್ನೀರಿನಲ್ಲಿ ಬಲೆ ಬಿಡುವವರು ಈಗ ನಕ್ಷತ್ರದ ಜೊತೆಗೆ ಜಲಾಶಯದ ಮಟ್ಟವನ್ನೂ ಪತ್ರಿಕೆಯಲ್ಲಿ ನೋಡುತ್ತಾರೆ.

ಹೀಗಿರುವಾಗ ಹತ್ತುಮೀನನ್ನು ಪೂರ್ತಿ ಬಿಟ್ಟುಬಿಡಿ ಎಂದರೆ ಮಲೆನಾಡಿನವರು ಒಪ್ಪುವುದು ಕಷ್ಟ. ಅದು ಬರಿಯ ಸಾರಿನ ಮಾತಲ್ಲ, ಮಳೆಗಾಲದ ಸಂಭ್ರಮದ ಮಾತು. ಆದರೆ ನಡುದಾರಿ ಹಳೆಯ ಪದ್ಧತಿಯಲ್ಲೇ ಇದೆ. ಮೃಗಶಿರಾ, ಆರಿದ್ರಾಗಳಲ್ಲಿ ಹತ್ತುವ ಮೀನು ಬಸುರಿ. ಅದನ್ನು ಹತ್ತಲು ಬಿಡುವುದು. ಮೊಟ್ಟೆಯಿಟ್ಟು ಇಳಿಯುವಾಗ ಕೂಣಿಯಲ್ಲಿ ಬಿದ್ದದ್ದರಲ್ಲಿ ದೊಡ್ಡದನ್ನು ಇಟ್ಟುಕೊಂಡು ಮರಿಗಳನ್ನು ನೀರಿಗೆ ಸುರಿಯುವುದು. ಎರಡು ಮಳೆ ಕಾದರೆ ಸಾಕು.

ಈ ಮಾತನ್ನು ಹೇಳಲು ಶೃಂಗೇರಿಗಿಂತ ಒಳ್ಳೆಯ ಜಾಗವಿಲ್ಲ. ಊರಿನಿಂದ ಸ್ವಲ್ಪ ದೂರದ ಕಿಗ್ಗದಲ್ಲಿ ಮಳೆಯ ದೇವರೆಂದೇ ಹೆಸರಾದ ಋಷ್ಯಶೃಂಗೇಶ್ವರನಿದ್ದಾನೆ. ಮಳೆ ಬಾರದಿದ್ದರೂ, ಬಂದು ನಿಲ್ಲದಿದ್ದರೂ ಜನ ಅವನಲ್ಲಿಗೇ ಹೋಗುತ್ತಾರೆ. ತುಂಗೆಯ ದಡದಲ್ಲಿ ಕಪ್ಪೆಶಂಕರನ ಗುಡಿಯಿದೆ. ಸುಡುವ ಬಿಸಿಲಿನಲ್ಲಿ ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಹಾವೊಂದು ಹೆಡೆ ಬಿಚ್ಚಿ ನೆರಳು ಹಿಡಿದದ್ದನ್ನು ಕಂಡ ಶಂಕರಾಚಾರ್ಯರು ಪೀಠಕ್ಕೆ ಈ ಜಾಗವನ್ನು ಆರಿಸಿದರು ಎಂಬುದು ಸ್ಥಳಪುರಾಣ. ಕಪ್ಪೆ ಹಾವಿನ ಆಹಾರ. ಆ ಹಾವು ಕಪ್ಪೆ ತಿನ್ನುವುದನ್ನು ಶಾಶ್ವತವಾಗಿ ಬಿಟ್ಟಿತೆಂದು ಕಥೆ ಹೇಳುವುದಿಲ್ಲ, ಹೆರಿಗೆಯ ಹೊತ್ತಿಗೆ ತಡೆಯಿತು ಎಂದಷ್ಟೇ ಹೇಳುತ್ತದೆ. ಹೊಳೆಯ ಮೀನು ನಮ್ಮಿಂದ ಬೇಡುವುದೂ ಅಷ್ಟೇ.